ವರ್ತಕರು ಕಟ್ಟಿದ ಗಗನಚುಂಬಿಗಳು

ಅಮೆರಿಕ ಖಂಡಗಳಲ್ಲಿ ಅತ್ಯಂತ ಎತ್ತರದ ಕಟ್ಟಡವೆಂದರೆ 2014ರಲ್ಲಿ ತೆರೆದ, 541 ಮೀಟರಿನ, ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರ್. ಅದರ ಬೆನ್ನಿಗೆ ಸಾರ್ವಜನಿಕ ಪ್ರಾಧಿಕಾರದ ಹಣಬಲವಿತ್ತು. ಆದರೆ ಇದೇ ಖಂಡಗಳಲ್ಲಿ ಚಿಲ್ಲರೆ ವ್ಯಾಪಾರದ ಗಳಿಕೆಯಿಂದ ಎದ್ದು, ತಮ್ಮ ಕಾಲದಲ್ಲಿ ಎತ್ತರದ ದಾಖಲೆ ಸ್ಥಾಪಿಸಿದ ಕಟ್ಟಡಗಳೂ ಇವೆ. ಅವುಗಳ ಹಣಕಾಸಿನ ಇತಿಹಾಸವು ವರ್ತಕರು ಅರಿಯತಕ್ಕದ್ದಾಗಿದೆ.

ಐದು ಮತ್ತು ಹತ್ತು ಸೆಂಟುಗಳ ಸರಕು ಮಾರಿ ಶ್ರೀಮಂತನಾದ ಫ್ರಾಂಕ್ ವೂಲ್‌ವರ್ತ್ 1913ರಲ್ಲಿ ನ್ಯೂಯಾರ್ಕಿನಲ್ಲಿ 241 ಮೀಟರ್ ಎತ್ತರದ ಕಟ್ಟಡವನ್ನು ಪೂರ್ಣಗೊಳಿಸಿದನು. ತಗಲಿದ ಸುಮಾರು 1 ಕೋಟಿ 35 ಲಕ್ಷ ಡಾಲರುಗಳನ್ನು ನಗದಾಗಿಯೇ ತೆತ್ತನು. ಸ್ವಂತ ಕಂಪನಿಗೆ ಅಲ್ಪ ಜಾಗವನ್ನಷ್ಟೇ ಇರಿಸಿಕೊಂಡು ಉಳಿದುದನ್ನು ಬಾಡಿಗೆಗೆ ಕೊಡಲಾಯಿತು. ಅಡಮಾನವಿಲ್ಲದ ಕಟ್ಟಡಕ್ಕೆ ಬಾಡಿಗೆ ತಡವಾದರೂ ಬಡ್ಡಿಯ ಕಾಟವಿಲ್ಲ. ಇಷ್ಟು ದೊಡ್ಡ ಜಾಹೀರಾತು ಫಲಕ ಬೇರಾವ ವ್ಯಾಪಾರಿಗೂ ಆಗ ಇರಲಿಲ್ಲವೆನ್ನಬಹುದು. 1930ರವರೆಗೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ.

ಷಿಕಾಗೋದ ಸಿಯರ್ಸ್ ಸಂಸ್ಥೆಯ ಲೆಕ್ಕಾಚಾರ ಬೇರೆ. ಜಗತ್ತಿನ ಅತಿ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಯಾಗಿದ್ದಾಗ ಅದು 442 ಮೀಟರಿನ ಗೋಪುರವನ್ನು ಕಟ್ಟಿಸಿತು. ಕೆಳಗಿನ ವಿಶಾಲ ಅಂತಸ್ತುಗಳು ಸ್ವಂತಕ್ಕೆ, ಮೇಲಿನವು ಸದ್ಯಕ್ಕೆ ಬಾಡಿಗೆಗೆ, ವ್ಯಾಪಾರ ಬೆಳೆದಂತೆ ಅವೂ ತನಗೇ ಬೇಕಾಗುವುವು ಎಂಬುದು ಯೋಜನೆ. ವ್ಯಾಪಾರ ಹಾಗೆ ಬೆಳೆಯಲಿಲ್ಲ. ಅಗ್ಗದ ದರದ ಮಳಿಗೆಗಳು ಗಿರಾಕಿಗಳನ್ನು ಸೆಳೆದುಕೊಂಡವು. ನಗರದಲ್ಲಿ ಕಛೇರಿ ಜಾಗ ಅಗತ್ಯಕ್ಕಿಂತ ಹೆಚ್ಚಾಗಿ ಬಾಡಿಗೆದಾರರೂ ಸಾಕಷ್ಟು ದೊರೆಯಲಿಲ್ಲ. ಭವಿಷ್ಯದ ಮಾರಾಟವನ್ನು ಇಂದಿನ ಸ್ಥಿರಾಸ್ತಿಯಾಗಿ ಪರಿವರ್ತಿಸುವುದರ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. 1992ರಿಂದ ಸಿಯರ್ಸ್ ತನ್ನ ಕಛೇರಿಗಳನ್ನು ಉಪನಗರಕ್ಕೆ ಸಾಗಿಸಿತು. 1994ರಲ್ಲಿ ಗೋಪುರದ ಒಡೆತನವನ್ನೂ ಬಿಟ್ಟುಕೊಟ್ಟಿತು. 2009ರಲ್ಲಿ ಬಾಡಿಗೆಗೆ ಬಂದ ವಿಮಾ ದಲ್ಲಾಳಿ ಸಂಸ್ಥೆಯೊಂದರ ಹೆಸರಿನಿಂದ ಅದು ವಿಲ್ಲಿಸ್ ಟವರ್ ಆಯಿತು. 2018ರಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಸಲ್ಲಿಸಿತು.

ಚಿಲಿ ದೇಶದ ಸಾಂತಿಯಾಗೋದಲ್ಲಿ ಸೆನ್ಕೊಸುದ್ ಎಂಬ ಸೂಪರ್ ಮಾರುಕಟ್ಟೆ ಸಂಸ್ಥೆ ಆರಂಭಿಸಿದ ಗ್ರಾನ್ ತೋರ್ರೆ, ದಕ್ಷಿಣ ಅಮೆರಿಕದಲ್ಲಿ 300 ಮೀಟರ್ ಮುಟ್ಟಿದ ಮೊದಲ ಕಟ್ಟಡ. ಜಾಗತಿಕ ಹಣಕಾಸು ಬಿಕ್ಕಟ್ಟು ತಲೆದೋರಿದಾಗ, 2009ರ ಜನವರಿಯಲ್ಲಿ, ಸಂಸ್ಥೆಯು ಕಾಮಗಾರಿಯನ್ನು ನಿಲ್ಲಿಸಿತು. ಅರೆಬರೆ ಕಟ್ಟಡ ಊರ ನಡುವೆ ನಿಂತಿರುವುದು ಯಾವ ಮಾಲೀಕನಿಗೂ ಮುಜುಗರವೇ. ಕಾಮಗಾರಿ ನಿಂತರೆ ಅದಕ್ಕೂ ವೆಚ್ಚವುಂಟು. ಆದರೆ ನಗದು ಬಿಗಿಯಾದ ಕಾಲದಲ್ಲಿ ಮಳಿಗೆಗಳ ದಾಸ್ತಾನಿಗೂ ಸರಬರಾಜುದಾರರ ಬಾಕಿಗೂ ಬೇಕಾದ ದುಡಿಯುವ ಬಂಡವಾಳವನ್ನು ಕಾಂಕ್ರೀಟಿಗೆ ಸುರಿಯುವುದು ಅದಕ್ಕಿಂತ ದುಬಾರಿ. ಅದೇ ವರ್ಷದ ಡಿಸೆಂಬರಿನಲ್ಲಿ ಕೆಲಸ ಪುನರಾರಂಭವಾಯಿತು. ಮೊದಲು ತೆರೆದುದು ಗೋಪುರವಲ್ಲ, ಅದರ ಬುಡದ ಮಳಿಗೆ ಸಂಕೀರ್ಣ, ಅದು 2012ರಲ್ಲಿ. ಮೇಲಿನ ವೀಕ್ಷಣಾ ಅಂತಸ್ತಿನ ಟಿಕೆಟ್ ಮಾರಾಟ ಆರಂಭವಾದುದು 2015ರಲ್ಲಿ.