ಚೊಗರಿನ ಬಣ್ಣದ ಜುಬ್ಬ

ಬೇಸಿಗೆ ಬಂತೆಂದರೆ ಜಯನಗರ, ಬನಶಂಕರಿಯ ಮನೆಗಳಲ್ಲಿ ಸೂಟ್‌ಕೇಸು ತೂಗುವ ಸಡಗರ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರಿಗೆ ಸಾಮಾನ್ಯವಾಗಿ ತಲೆಗೆ 23 ಕಿಲೋದ ಎರಡು ಪೆಟ್ಟಿಗೆ. ಹುಳಿಪುಡಿ, ಚಟ್ನಿಪುಡಿ, ಹಪ್ಪಳಕ್ಕೇ ಒಂದೂವರೆ ಪೆಟ್ಟಿಗೆ ತುಂಬಿಹೋಗುತ್ತದೆ. ಮಿಕ್ಕ ಜಾಗದಲ್ಲಿ ಅಳಿಯನ ಆಫೀಸಿನವರಿಗೆ, ಪಕ್ಕದ ಮನೆಯ ಅಜ್ಜಿಗೆ ‘ನಮ್ಮ ಕಡೆಯದು’ ಏನಾದರೂ ಹೋಗಬೇಕು. ಹಿತ್ತಾಳೆ ದೀಪ ಭಾರ. ಗಂಧದ ಸೋಪನ್ನು ಹೋದ ಸಲವೇ ಕೊಟ್ಟಾಗಿದೆ. ಹಾಗೆ ಯೋಚಿಸುತ್ತ ಹಲವರು ಜಯನಗರದ ‘ದೇಸಿ’ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಬಟ್ಟೆ ಹಗುರ, ಒಡೆಯುವುದಿಲ್ಲ, ಉಪ್ಪಿನಕಾಯಿಯಂತೆ ಸೋರುವುದೂ ಇಲ್ಲ.

ಮಿಂಚು, ಜರಿ ಹುಡುಕುವವರಿಗೆ ಇಲ್ಲಿ ನಿರಾಸೆ. ಜುಬ್ಬ, ಕುರ್ತಾ, ಸೀರೆ, ಚೀಲ ಎಲ್ಲವೂ ಮಣ್ಣು, ತೊಗಟೆ, ಒಣಗಿದ ಎಲೆಯ ಬಣ್ಣದವು. ಇವುಗಳ ಹುಟ್ಟೂರು ಸಾಗರ ತಾಲ್ಲೂಕಿನ ಭೀಮನಕೋಣೆ, ರಂಗಸಂಸ್ಥೆ ನೀನಾಸಂ ಇರುವ ಹೆಗ್ಗೋಡಿನ ಮಗ್ಗುಲ ಹಳ್ಳಿ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ‘ಸಮುದಾಯ’ ರಂಗತಂಡ ಕಟ್ಟಿದ ನಿರ್ದೇಶಕ ಪ್ರಸನ್ನ 1990ರ ದಶಕದಲ್ಲಿ ಅಲ್ಲಿ ಹೆಣ್ಣುಮಕ್ಕಳ ಸಹಕಾರ ಸಂಘವಾಗಿ ‘ಚರಕ’ವನ್ನು ಶುರುಮಾಡಿದರು. ಅಲ್ಲಿ ನೇಯ್ದು ಹೊಲಿದದ್ದನ್ನು ಪೇಟೆಯಲ್ಲಿ ಮಾರುವ ಕೈ ‘ದೇಸಿ’.

ನೋಡಲೇಬೇಕಾದ್ದು ಚೊಗರಿನ ಬಣ್ಣ. ಮಲೆನಾಡಿನಲ್ಲಿ ಕೊಯ್ಲಿನ ಹೊತ್ತಿಗೆ ಹಸಿ ಅಡಿಕೆ ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಒಬ್ಬೆ ಮೇಲೆ ಒಬ್ಬೆ ಬೇಯುತ್ತ ನೀರು ಕೆಂಪಗೆ, ಮಂದಗೆ ಇಳಿಯುತ್ತದೆ. ಅದೇ ಚೊಗರು. ಅಡಿಕೆಗೆ ಹೊಳಪು ಕೊಡುವುದೂ ಅದೇ, ಅಂಗಿಗೆ ಬಿದ್ದರೆ ಎಷ್ಟು ತಿಕ್ಕಿದರೂ ಹೋಗದ ಕಲೆಯೂ ಅದೇ. ತೋಟದ ಮನೆಯವರು ಬೈದುಕೊಳ್ಳುತ್ತಿದ್ದ ಆ ಕಲೆ ಇಲ್ಲಿ ಬಂಡವಾಳ. ಒಗರು ಹೆಚ್ಚಿರುವುದರಿಂದ ಚೊಗರು ಹತ್ತಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಪಟಿಕ ಸೇರಿಸಿದರೆ ಒಂದು ಛಾಯೆ, ಕಬ್ಬಿಣದ ಅಂಶ ತಗುಲಿದರೆ ಅದಕ್ಕಿಂತ ಗಾಢ. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ನೀಲಿಯಂಥವೂ ಸೇರಿ ಬಣ್ಣದ ಬಳಗ ದೊಡ್ಡದಾಗುತ್ತದೆ. ಒಂದು ಹಂಡೆಯ ಕೆಂಪು ಮುಂದಿನ ಹಂಡೆಯಲ್ಲಿ ಹಾಗೇ ಬರುತ್ತದೆಂಬ ಖಾತರಿ ಇಲ್ಲ. ‘ಇದೇ ಬಣ್ಣದಲ್ಲಿ ಇನ್ನೂ ನಾಲ್ಕು ಕೊಡಿ’ ಎಂದು ಕೇಳಿದರೆ ಅಂಗಡಿಯವರು ನಕ್ಕಾರು.

ಖಾದಿಗೂ ಕೈಮಗ್ಗದ ಈ ಬಟ್ಟೆಗೂ ಹಲವರಿಗೆ ಗೊಂದಲ. ಖಾದಿಯೆನ್ನಬೇಕಾದರೆ ನೂಲೂ ಕೈಯಲ್ಲೇ ತೆಗೆದದ್ದಾಗಿರಬೇಕು. ಕೈಮಗ್ಗದ ಬಟ್ಟೆಗೆ ನೇಯ್ಗೆ ಕೈಯದಾದರೆ ಸಾಕು. ಆದರೂ ಹಾಸು ಹಾಕಿ, ಕಂಡಿಕೆ ಸುತ್ತಿ, ಲಾಳಿ ಎಸೆದು, ಬಣ್ಣ ಕಟ್ಟಿ, ಹೊಲಿಯುವ ಹೊತ್ತಿಗೆ ಒಂದು ಜುಬ್ಬ ಎಷ್ಟೋ ಕೈ ದಾಟಿರುತ್ತದೆ. ಬೆಲೆಚೀಟಿ ನೋಡಿ ಮುಖ ಸಿಂಡರಿಸುವ ಮೊದಲು ಈ ಲೆಕ್ಕ ಹಾಕಬೇಕು.

ಲೆಕ್ಕ ‘ಚರಕ’ದವರಿಗೂ ಸುಲಭವಾಗಿ ಕೂಡಿಬಂದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ಕರ ಬೇಡವೆಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. 2020ರಲ್ಲಿ ಕೊರೊನಾದಿಂದ ಪೇಟೆಯ ವ್ಯಾಪಾರ ನಿಂತಾಗ ನೇಯ್ದದ್ದು ಮಾರಾಟವಾಗದೆ ರಾಶಿಬಿತ್ತು. ಇನ್ನು ನಡೆಸಲಾಗದು ಎಂದು ‘ಚರಕ’ ಬಹಿರಂಗವಾಗಿಯೇ ಹೇಳಬೇಕಾಯಿತು.

ನನ್ನ ತಕರಾರು ಇರುವುದು ನಮ್ಮ ಬಗ್ಗೆಯೇ. ಬಾಲಿಗೆ ಹೋದರೆ ಬಾಟಿಕ್, ಕಾಠ್ಮಂಡುವಿಗೆ ಹೋದರೆ ಪಶ್ಮೀನಾ ಹುಡುಕಿ ಗಲ್ಲಿ ಅಲೆಯುವ ನಾವು, ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಕೊಂಡು ವಾಪಸಾಗುವಾಗ ಕೈಮಗ್ಗದ ಅಂಗಡಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಯಾರಾದರೂ ವಿಮಾನ ಹತ್ತುವಾಗ ಮಾತ್ರ ನಮಗೆ ಕೈಕಸುಬು ನೆನಪಾಗುವುದು. ವರ್ಷಕ್ಕೊಂದು ಸಲದ ಉಡುಗೊರೆಯಿಂದ ಮಗ್ಗ ಆಡುವುದಿಲ್ಲ; ಆಫೀಸಿಗೆ, ವಾಕಿಂಗಿಗೆ, ಮದುವೆಮನೆಗೆ ಉಟ್ಟು ತೊಟ್ಟು ಸವೆಸುವವರು ಬೇಕು.

ಹೊರದೇಶಕ್ಕೆ ಒಯ್ಯುವವರು ಜುಬ್ಬದ ಅಳತೆ ಮೊದಲೇ ಕೇಳಿಕೊಳ್ಳಿ. ಗೊತ್ತಿಲ್ಲದಿದ್ದರೆ ಚೀಲವೋ ಮೇಜಿನ ಹಾಸೋ ಸಾಕು. ಜೊತೆಗೊಂದು ಚೀಟಿಯನ್ನೂ ಇಡಿ: ಮೊದಲ ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಬೇಕು, ನೆರಳಲ್ಲಿ ಒಣಹಾಕಬೇಕು. ಅಲ್ಲಿಯವರು ಅಭ್ಯಾಸಬಲದಿಂದ ಬಿಸಿ ಡ್ರೈಯರಿಗೆ ತುರುಕಿದರೆ ಅಳಿಯನಿಗೆ ಕೊಂಡ ಜುಬ್ಬ ಮೊಮ್ಮಗನ ಅಳತೆಗೆ ಬಂದೀತು.