ಸಾಸಿವೆ ಡಬ್ಬಿಯಲ್ಲಿ ಎಷ್ಟು ದುಡ್ಡಿರಬೇಕು?

ಅಕ್ಟೋಬರ್ ಮೊದಲ ವಾರ. ಆಫೀಸ್ ಕ್ಯಾಬ್‌ನಲ್ಲಿ ಕೂತಿದ್ದೆ, ಮೊಬೈಲ್ ಟಿಣ್ ಅಂತು. ಬ್ಯಾಂಕಿನ ಮೆಸೇಜ್, ಮೂರು ತಿಂಗಳ ಬಡ್ಡಿ ಜಮಾ ಆಗಿತ್ತು. ಎಷ್ಟು ಗೊತ್ತಾ? 1,890 ರೂಪಾಯಿ. ಖಾತೆಯಲ್ಲಿದ್ದದ್ದು ಮೂರು ಲಕ್ಷ! ‘ನಾಳೆ ನೋಡೋಣ’ ಅಂತ ಅಂದುಕೊಂಡೇ ಆ ದುಡ್ಡನ್ನು ಹಾಗೇ ಬಿಟ್ಟಿದ್ದೆ.

ನಿಮ್ಮ ಸ್ಯಾಲರಿ ಅಕೌಂಟ್ ಕಥೆಯೂ ಬಹುಶಃ ಇದೇ. 2025ರ ಜೂನ್‌ನಲ್ಲಿ ಎಸ್‌ಬಿಐ ಉಳಿತಾಯ ಖಾತೆಯ ಬಡ್ಡಿಯನ್ನು ಶೇ 2.7ರಿಂದ ಶೇ 2.5ಕ್ಕೆ ಇಳಿಸಿತು. ಎಚ್‌ಡಿಎಫ್‌ಸಿ, ಐಸಿಐಸಿಐ ಬ್ಯಾಂಕ್‌ಗಳೂ ಅದೇ ತಿಂಗಳು ಶೇ 2.5ಕ್ಕೆ ಬಂದವು. ಹಣದುಬ್ಬರ ಶೇ 4ರ ಆಸುಪಾಸಿನಲ್ಲಿರಲಿ ಅನ್ನೋದು ರಿಸರ್ವ್ ಬ್ಯಾಂಕಿನ ಗುರಿ. ಬೆಲೆಗಳು ಅಷ್ಟು ಏರಿದರೂ ಸಾಕು, ಖಾತೆಯಲ್ಲಿರುವ ಒಂದು ಲಕ್ಷ ರೂಪಾಯಿ ವರ್ಷಕ್ಕೆ ಸುಮಾರು 1,500 ರೂಪಾಯಿಯಷ್ಟು ಸವೆಯುತ್ತದೆ.

ದೊಡ್ಡ ಬ್ಯಾಂಕ್‌ಗಳು ಯಾಕೆ ಇಷ್ಟು ಕಡಿಮೆ ಕೊಡ್ತವೆ? 2011ರ ಅಕ್ಟೋಬರ್‌ವರೆಗೆ ಈ ದರವನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು, ಆಗ ಶೇ 4 ಇತ್ತು. ಆಮೇಲೆ ಆಯಾ ಬ್ಯಾಂಕಿನ ಇಷ್ಟಕ್ಕೆ ಬಿಟ್ಟಿತು. ಸಂಬಳ, ಇಎಂಐ, ಯುಪಿಐ ಎಲ್ಲ ಒಂದೇ ಖಾತೆಗೆ ಅಂಟಿಕೊಂಡಿರುವ ನಾವು ಅರ್ಧ ಪರ್ಸೆಂಟ್‌ಗೋಸ್ಕರ ಜಾಗ ಬದಲಿಸಲ್ಲ. ಅದು ಅವರಿಗೂ ಗೊತ್ತು.

ನಾನು ಮಾಡಿದ ಎರಡನೇ ತಪ್ಪು

ಲೆಕ್ಕ ಹಾಕಿದೆ. ಮೂರು ಲಕ್ಷಕ್ಕೆ ಶೇ 2.5ರಂತೆ ವರ್ಷಕ್ಕೆ 7,500. ಶೇ 6 ಸಿಗುವ ಎಫ್‌ಡಿಯಲ್ಲಿಟ್ಟರೆ 18,000. ಹೊಟ್ಟೆ ಉರಿಯಿತು. ಅವತ್ತೇ ಆ್ಯಪ್ ತೆರೆದು ಹೆಚ್ಚುಕಮ್ಮಿ ಎಲ್ಲವನ್ನೂ ಎಫ್‌ಡಿ ಮಾಡಿಬಿಟ್ಟೆ.

ತಿಂಗಳು ಕಳೆದಿರಲಿಲ್ಲ, ರಾತ್ರಿ ಹನ್ನೆರಡೂವರೆಗೆ ಊರಿಂದ ಫೋನ್. ಅಪ್ಪನಿಗೆ ಎದೆನೋವು, ಆಸ್ಪತ್ರೆಯಲ್ಲಿ 50 ಸಾವಿರ ಅಡ್ವಾನ್ಸ್ ಕಟ್ಟಬೇಕು. ಎಫ್‌ಡಿ ಮುರಿಯೋಕೆ ಹೋದರೆ ಆ್ಯಪ್ ‘ಬೆಳಿಗ್ಗೆ ಪ್ರಯತ್ನಿಸಿ’ ಅಂತು. ಉಳಿತಾಯ ಖಾತೆಯಲ್ಲಿ ಉಳಿದಿದ್ದು ನಾಲ್ಕು ಸಾವಿರ. ಕೊನೆಗೆ ರೂಮ್‌ಮೇಟ್‌ನ ಎಬ್ಬಿಸಿ, ಅವನಿಂದ ಕಳಿಸಿದೆ. ಅಪ್ಪ ಈಗ ಆರಾಮ. ಆದರೆ ಆ ಹದಿನೈದು ನಿಮಿಷ ಮರೆಯೋಕಾಗಲ್ಲ.

ಆಗ ಅರ್ಥ ಆಯ್ತು: ಉಳಿತಾಯ ಖಾತೆ ದುಡ್ಡು ಬೆಳೆಸೋ ಜಾಗ ಅಲ್ಲ, ಮಧ್ಯರಾತ್ರಿ ಕೈಗೆ ಸಿಗೋ ಜಾಗ. ಕಡಿಮೆ ಬಡ್ಡಿ ಅನ್ನೋದು ಆ ಅನುಕೂಲಕ್ಕೆ ನಾವು ಕೊಡುವ ಬಾಡಿಗೆ. ಎಷ್ಟು ದುಡ್ಡಿಗೆ ಬಾಡಿಗೆ ಕಟ್ಟಬೇಕು ಅನ್ನೋದೇ ಪ್ರಶ್ನೆ.

ನಿಮ್ಮ ಖಾತೆಯನ್ನು ಹೀಗೆ ಅಳೆಯಿರಿ

*ಎಷ್ಟು ಬಿಡಬೇಕು?* ಒಂದು ತಿಂಗಳ ಖರ್ಚು, ಜೊತೆಗೆ ಒಂದು ರಾತ್ರಿಯ ತುರ್ತಿಗೆ ಬೇಕಾಗುವಷ್ಟು. ನನ್ನ ಲೆಕ್ಕದಲ್ಲಿ 90 ಸಾವಿರ. ನಿಮ್ಮದು ಬೇರೆ ಇರಬಹುದು.

*ಮಿಕ್ಕಿದ್ದು ಎಲ್ಲಿ?* ನಿಮ್ಮ ಬ್ಯಾಂಕಿನಲ್ಲಿ ಆಟೋ ಸ್ವೀಪ್ ಇದೆಯಾ ಕೇಳಿ. ಮಿತಿ ದಾಟಿದ ಹಣ ತಾನೇ ಎಫ್‌ಡಿ ಆಗುತ್ತದೆ, ಬೇಕಾದಾಗ ವಾಪಸ್ ಬರುತ್ತದೆ. ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಎಷ್ಟು ಕಡಿತ ಅನ್ನೋದನ್ನು ಮೊದಲೇ ತಿಳಿದುಕೊಳ್ಳಿ. ದೊಡ್ಡ ಎಫ್‌ಡಿ ಒಂದರ ಬದಲು ಮೂರ್ನಾಲ್ಕು ಚಿಕ್ಕವು ಮಾಡಿದರೆ ಬೇಕಾದಷ್ಟನ್ನೇ ಮುರಿಯಬಹುದು.

*ಹೆಚ್ಚು ಬಡ್ಡಿ ಅಂತ ಜಾಹೀರಾತು ಕಂಡರೆ?* ಆ ದರ ಎಷ್ಟು ಬ್ಯಾಲೆನ್ಸ್‌ಗೆ ಅಂತ ನೋಡಿ. ಎಷ್ಟೋ ಕಡೆ ಲಕ್ಷಗಟ್ಟಲೆ ಇಟ್ಟವರಿಗೆ ಮಾತ್ರ ಸಿಗುತ್ತದೆ. ಠೇವಣಿ ವಿಮೆ ದೊಡ್ಡ ಬ್ಯಾಂಕಿಗೂ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೂ ಒಂದೇ: ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಪರಿಚಯದವರು ಹೇಳಿದರು ಅಂತ ಅಲ್ಲಿಡುವ ಮುನ್ನ ಎರಡು ಸಲ ಯೋಚಿಸಿ.

*ಕೆಲಸ ಬಿಟ್ಟಿದ್ದೀರಾ?* ಕೆಲವು ತಿಂಗಳು ಸಂಬಳ ಬೀಳದಿದ್ದರೆ ಸ್ಯಾಲರಿ ಅಕೌಂಟ್ ಸಾಮಾನ್ಯ ಖಾತೆ ಆಗಿಬಿಡಬಹುದು. ಆಗ ಮಿನಿಮಮ್ ಬ್ಯಾಲೆನ್ಸ್ ದಂಡ ಬಂದರೆ ಮೂರು ತಿಂಗಳ ಬಡ್ಡಿಯೂ ಅದಕ್ಕೇ ಹೋದೀತು.

*ತೆರಿಗೆ?* ಹಳೆಯ ಪದ್ಧತಿಯಲ್ಲಿದ್ದರೆ ಉಳಿತಾಯ ಖಾತೆಯ ಬಡ್ಡಿಗೆ 10 ಸಾವಿರದವರೆಗೆ ವಿನಾಯಿತಿ ಉಂಟು. ಹೊಸ ಪದ್ಧತಿಯಲ್ಲಿ ಇಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಈಗಲೂ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ದುಡ್ಡಿಡುವವಳು. ನಕ್ಕಳು. ‘ಬಡ್ಡಿ ಬರಲ್ಲ ಅಂತ ಡಬ್ಬಿನ ಯಾರಾದ್ರೂ ಬಿಸಾಕ್ತಾರೇನೋ? ಖಾಲಿ ಇಡಬಾರದು, ತುಂಬಿಸಲೂಬಾರದು, ಅಷ್ಟೇ.’

ಇವತ್ತು ಒಮ್ಮೆ ಬ್ಯಾಂಕ್ ಆ್ಯಪ್ ತೆರೆದು ನೋಡಿ. ನಿಮ್ಮ ಡಬ್ಬಿ ತುಂಬಿ ತುಳುಕ್ತಿದೆಯಾ, ಇಲ್ಲ ತಳ ಕಾಣ್ತಿದೆಯಾ?