ಎಲ್ಲರ ಕಣ್ಣಿಗೊಂದೇ ಗೋಡೆ

ರಾಯಚೂರಿನಿಂದ ಹೈದರಾಬಾದಿನ ಕಡೆ ಹೊರಟರೆ ಕೃಷ್ಣೆಯ ಸೇತುವೆ ಸಿಗುವ ಮೊದಲೇ ದೇವಸೂಗೂರಿನ ಬಳಿ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ಇಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ 210 ಮೆಗಾವಾಟಿನ ಏಳು ಘಟಕಗಳು, 250 ಮೆಗಾವಾಟಿನ ಒಂದು, ಒಟ್ಟು 1720 ಮೆಗಾವಾಟ್. ದಾರಿಹೋಕರಿಗೆ ಕಾಣುವುದು ಚಿಮಣಿ, ಕೂಲಿಂಗ್ ಟವರು, ಕಲ್ಲಿದ್ದಲು ತುಂಬಿದ ರೈಲು. ಇಂಥ ಕೇಂದ್ರಗಳನ್ನು ನಡೆಸುವ ಜನ ಮಾತ್ರ ಕಾಣುವುದಿಲ್ಲ. ಅವರು ಒಳಗೆಲ್ಲೋ ಹೊರಬೆಳಕು ಬಾರದ, ಸದಾ ಎ.ಸಿ. ಓಡುವ ಕಂಟ್ರೋಲ್ ರೂಮಿನಲ್ಲಿರುತ್ತಾರೆ. ರಾಜ್ಯದ ಮನೆಗಳಲ್ಲಿ ಫ್ಯಾನು ತಿರುಗುತ್ತಿದೆ ಎಂದರೆ ಅಂಥ ಒಂದು ಕೋಣೆಯಲ್ಲಿ ಯಾರೋ ನಾಲ್ಕು ಜನ ಎಚ್ಚರವಾಗಿದ್ದಾರೆ ಎಂದೇ ಅರ್ಥ.

ಅವರು ಕಾಯುತ್ತಿರುವುದಾದರೂ ಏನನ್ನು? 210 ಮೆಗಾವಾಟಿನ ಒಂದು ಘಟಕ ಪೂರ್ಣ ಲೋಡಿನಲ್ಲಿ ಓಡುವಾಗ ಗಂಟೆಗೆ ನೂರು ಟನ್ನಿಗೂ ಹೆಚ್ಚು ಕಲ್ಲಿದ್ದಲನ್ನು ಹಿಟ್ಟು ಮಾಡಿ ಉರಿಸುತ್ತದೆ. ಬಾಯ್ಲರಿನ ನೆತ್ತಿಯಲ್ಲಿರುವ ಡ್ರಮ್ಮಿನಲ್ಲಿ ನೀರಿನ ಮಟ್ಟ ಏರಿದರೆ ನೀರು ಹಬೆಯ ಜೊತೆ ಹೋಗಿ ಟರ್ಬೈನಿನ ರೆಕ್ಕೆಗಳಿಗೆ ಬಡಿಯುತ್ತದೆ, ಇಳಿದರೆ ಬಾಯ್ಲರಿನ ಕೊಳವೆಗಳೇ ಸುಡುತ್ತವೆ. ಕುಲುಮೆಯೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು, ಇಲ್ಲವಾದರೆ ಬೆಂಕಿ ಆಚೆಗೆ ಚಿಮ್ಮುತ್ತದೆ. ಸುಮಾರು 540 ಡಿಗ್ರಿಯ ಹಬೆ, ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನ್, ಫ್ಯಾನುಗಳು, ಪಂಪುಗಳು, ಕಲ್ಲಿದ್ದಲು ಮಿಲ್ಲುಗಳು. ಸಾವಿರಾರು ಅಳತೆಗಳು ಕ್ಷಣಕ್ಷಣಕ್ಕೂ ಆ ಕೋಣೆಗೆ ಬರುತ್ತಲೇ ಇರುತ್ತವೆ.

ಎಂಬತ್ತರ ದಶಕದ ಕಂಟ್ರೋಲ್ ರೂಮಿನಲ್ಲಿ ಈ ಅಳತೆಗಳೆಲ್ಲ ಉಕ್ಕಿನ ಪ್ಯಾನೆಲ್ಲುಗಳ ಮೇಲೆ ಇದ್ದವು. ಕೋಣೆಯ ಉದ್ದಕ್ಕೂ ಚಾಚಿದ ಈ ಸಾಲಿಗೆ ಯುಸಿಬಿ, ಅಂದರೆ ಯೂನಿಟ್ ಕಂಟ್ರೋಲ್ ಬೋರ್ಡ್ ಎನ್ನುತ್ತಿದ್ದರು. ಒಂದು ಕಡೆ ಬಾಯ್ಲರು, ಪಕ್ಕದಲ್ಲಿ ಫೀಡ್ ಪಂಪುಗಳು, ಆಮೇಲೆ ಟರ್ಬೈನು, ಜನರೇಟರು. ಮುಳ್ಳಿನ ಮೀಟರುಗಳು, ಕಾಗದದ ಸುರುಳಿಯ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ರೆಕಾರ್ಡರುಗಳು, ಮೇಲ್ಗಡೆ ಸಾಲಾಗಿ ಚಿಕ್ಕ ಅಲಾರ್ಮ್ ಕಿಟಕಿಗಳು. ಏನಾದರೂ ಕೆಟ್ಟರೆ ಅದರ ಕಿಟಕಿ ಮಿನುಗುತ್ತದೆ, ಹೂಟರ್ ಕೂಗುತ್ತದೆ. ಪ್ರತಿಯೊಂದು ಅಳತೆಗೂ ಖಾಯಂ ಜಾಗ. ಹತ್ತು ವರ್ಷ ಡೆಸ್ಕಿನಲ್ಲಿ ಕೂತವರು ಕಿಟಕಿಯ ಮೇಲಿನ ಬರಹವನ್ನು ಓದುತ್ತಲೇ ಇರಲಿಲ್ಲ. ಬೆಳಕು ಹೊತ್ತಿದ ಜಾಗ ಕಂಡರೆ ಸಾಕು, ಯಾವ ಪಂಪಿನ ಕಥೆ ಎಂಬುದು ತಿಳಿಯುತ್ತಿತ್ತು.

ಆ ಪ್ಯಾನೆಲ್ಲಿಗೆ ಇನ್ನೊಂದು ಗುಣವಿತ್ತು. ಅದನ್ನು ಯಾರೂ ಯೋಜಿಸಿ ಮಾಡಿರಲಿಲ್ಲ, ಹಾಗಾಗಿ ಹೋದಾಗ ಯಾರೂ ಲೆಕ್ಕಕ್ಕೆ ಹಿಡಿಯಲೂ ಇಲ್ಲ. ಸಹೋದ್ಯೋಗಿ ಎದ್ದು ಫೀಡ್ ಪಂಪಿನ ಮುಂದೆ ನಿಂತರೆ ಕೋಣೆಯಲ್ಲಿದ್ದ ಎಲ್ಲರಿಗೂ ಅವನ ಚಿಂತೆ ಏನೆಂದು ಗೊತ್ತಾಗುತ್ತಿತ್ತು. ಶಿಫ್ಟ್ ಇನ್‌ಚಾರ್ಜ್ ತನ್ನ ಮೇಜಿನಿಂದಲೇ ತಲೆ ಎತ್ತಿ ಇಡೀ ಘಟಕದ ಮೇಲೆ ಕಣ್ಣಾಡಿಸಬಹುದಿತ್ತು. ಪಾಳಿ ಬದಲಾಗುವಾಗ ಹೊಸದಾಗಿ ಬಂದವರು ಪ್ಯಾನೆಲ್ಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದ ಮೇಲೆಯೇ ಕುರ್ಚಿ ಹಿಡಿಯುತ್ತಿದ್ದರು.

1975ರಲ್ಲಿ ಹನಿವೆಲ್ ಕಂಪನಿಯ ಟಿಡಿಸಿ 2000, ಜಪಾನಿನ ಯೊಕೊಗಾವಾದ ಸೆಂಟಮ್ ಮಾರುಕಟ್ಟೆಗೆ ಬಂದವು. ನಿಯಂತ್ರಣವನ್ನು ಹಲವು ಚಿಕ್ಕ ಕಂಪ್ಯೂಟರುಗಳಿಗೆ ಹಂಚಿ, ನೋಡುವುದನ್ನೂ ಒತ್ತುವುದನ್ನೂ ಪರದೆಗೆ ತಂದ ಈ ವ್ಯವಸ್ಥೆಗೆ ಡಿಸಿಎಸ್ ಎಂದು ಹೆಸರು. ನಿಧಾನವಾಗಿ ಅದು ನಮ್ಮ ವಿದ್ಯುತ್ ಕೇಂದ್ರಗಳಿಗೂ ಬಂತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗವೇ ಇದನ್ನು ತಯಾರಿಸುತ್ತದೆ. ಲಾಭ ದೊಡ್ಡದು. ಘಟಕ ಟ್ರಿಪ್ ಆದರೆ, ಅಂದರೆ ತಾನಾಗಿ ನಿಂತುಬಿಟ್ಟರೆ, ಯಾವುದು ಮೊದಲು ನಿಂತಿತು, ಯಾವುದು ಆಮೇಲೆ ಎಂಬುದನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ ತೆಗೆದು ತೋರಿಸುತ್ತದೆ. ತಿಂಗಳ ಹಿಂದಿನ ಉಷ್ಣತೆಯ ಗೆರೆ ಬೇಕೆಂದರೆ ಕ್ಷಣದಲ್ಲಿ ಎದುರಿಗಿರುತ್ತದೆ. ಆದರೆ ಪರದೆಯ ನೂರಾರು ಪುಟಗಳಲ್ಲಿ ಒಂದು ಹೊತ್ತಿಗೆ ಒಂದೋ ಎರಡೋ ಪುಟ ಮಾತ್ರ ತೆರೆದಿರಲು ಸಾಧ್ಯ. ಮೈದಾನದಷ್ಟು ಹರಡಿದ ಯಂತ್ರಸಮೂಹವನ್ನು ಬಾಗಿಲ ಸಂದಿಯಿಂದ ಇಣುಕಿ ನೋಡಿದ ಹಾಗೆ. ಪಕ್ಕದವರ ಪರದೆಯಲ್ಲಿ ಏನಿದೆ ಎಂಬುದೂ ಗೊತ್ತಿಲ್ಲ.

ಇದರ ಬೆಲೆಯನ್ನು ತೆತ್ತದ್ದು ತೈಲ ಶುದ್ಧೀಕರಣಾಗಾರಗಳು. 1994ರ ಜುಲೈ 24ರಂದು ವೇಲ್ಸಿನ ಮಿಲ್‌ಫರ್ಡ್ ಹೇವನ್‌ನಲ್ಲಿ ಬೆಳಗಿನ ಸಿಡಿಲಿನಿಂದ ಸ್ಥಾವರ ಅಲುಗಾಡಿತು. ಒಂದು ಕವಾಟ ಮುಚ್ಚಿಕೊಂಡಿತ್ತು, ಪರದೆ ಅದು ತೆರೆದಿದೆ ಎಂದೇ ತೋರಿಸುತ್ತಿತ್ತು. ಗಂಟೆಗಟ್ಟಲೆ ಒಳಗೆ ದ್ರವ ತುಂಬುತ್ತಾ ಹೋಗಿ ಕೊನೆಗೆ ಸ್ಫೋಟವಾಯಿತು. ಸ್ಫೋಟಕ್ಕೆ ಮುಂಚಿನ 10.7 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರ್ಮುಗಳು ಬಂದು ಬಿದ್ದವು, ಅಂದರೆ ಎರಡೂವರೆ ಸೆಕೆಂಡಿಗೊಂದಕ್ಕಿಂತಲೂ ವೇಗವಾಗಿ. ಇಡೀ ಪ್ರಕ್ರಿಯೆಯ ಸ್ಥಿತಿ ಒಂದೇ ನೋಟಕ್ಕೆ ಸಿಗುವಂಥ ಪುಟ ಅವರಿಗಿರಲಿಲ್ಲ ಎಂಬುದು ಬ್ರಿಟಿಷ್ ತನಿಖೆಯಲ್ಲಿ ಎತ್ತಿ ಹೇಳಿದ ಮಾತು.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ ನಡೆದದ್ದು ಇನ್ನೂ ಘೋರ. ಸುಮಾರು 52 ಮೀಟರ್ ಎತ್ತರದ ಗೋಪುರವೊಂದನ್ನು ಮತ್ತೆ ಚಾಲೂ ಮಾಡುತ್ತಿದ್ದರು. ತೈಲ ಒಳಗೆ ಹೋಗುತ್ತಲೇ ಇತ್ತು, ಹೊರಗೆ ಬರುವ ದಾರಿ ಮೂರು ಗಂಟೆಯ ಹೊತ್ತು ಮುಚ್ಚಿತ್ತು. ಒಳಹರಿವಿನ ಅಂಕಿ ಒಂದು ಪರದೆಯಲ್ಲಿ, ಹೊರಹರಿವಿನ ಅಂಕಿ ಇನ್ನೊಂದರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಇಷ್ಟು ಹೋಗಿದೆ, ಏನೂ ಬಂದಿಲ್ಲ ಎಂದು ತೋರಿಸುವ ಪುಟ ಇರಲಿಲ್ಲ. ದ್ರವ 48 ಮೀಟರಿನವರೆಗೆ ಏರಿದ್ದಾಗ ಮಟ್ಟ ಅಳೆಯುವ ಉಪಕರಣ ಮೂರು ಮೀಟರಿಗೂ ಕಡಿಮೆ ತೋರಿಸುತ್ತಾ, ಇನ್ನೂ ಇಳಿಯುತ್ತಿದೆ ಎನ್ನುತ್ತಿತ್ತು. ಡೆಸ್ಕಿನಲ್ಲಿದ್ದ ಮನುಷ್ಯ 12 ಗಂಟೆಯ ಪಾಳಿಗಳನ್ನು ಒಂದು ದಿನವೂ ರಜೆಯಿಲ್ಲದೆ ಸುಮಾರು ತಿಂಗಳಿಂದ ಮಾಡುತ್ತಿದ್ದವನು. ಸ್ಫೋಟದಲ್ಲಿ ಹದಿನೈದು ಜನ ಸತ್ತರು, 180 ಜನ ಗಾಯಗೊಂಡರು. ಆ ದುರಂತಕ್ಕೆ ಕಾರಣಗಳು ಹಲವು. ಆದರೆ ಅಕ್ಕಪಕ್ಕ ಇರಬೇಕಾಗಿದ್ದ ಆ ಎರಡು ಅಂಕಿಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಕಂಟ್ರೋಲ್ ರೂಮಿನ ದೊಡ್ಡ ವಿಡಿಯೊ ಗೋಡೆಗೆ ಬೆಲೆ ಬರುವುದು ಇಲ್ಲಿ. ನಮ್ಮ ವಿದ್ಯುತ್ ಕೇಂದ್ರಗಳ ಟೆಂಡರುಗಳಲ್ಲಿ ಇದರ ಹೆಸರು ಲಾರ್ಜ್ ವಿಡಿಯೊ ಸ್ಕ್ರೀನ್, ಬಾಯಿಮಾತಿನಲ್ಲಿ ಎಲ್‌ವಿಎಸ್. ಹಳೆಯ ಪ್ಯಾನೆಲ್ಲಿನ ಜೊತೆ ಕಳೆದುಹೋದ ಎಲ್ಲರ ನೋಟವನ್ನು ಮರಳಿ ಕೋಣೆಗೆ ತರುವುದು ಅದರ ಕೆಲಸ.

ಗೋಡೆಯ ಜಾತಿ ಮೂರು. ಮೊದಲು ಬಂದದ್ದು ಡಿಎಲ್‌ಪಿ ಕ್ಯೂಬ್, ಹಿಂದಿನಿಂದ ಬೆಳಕು ಬಿಡುವ ಪೆಟ್ಟಿಗೆಗಳ ಜೋಡಣೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ, ಪುಟ್ಟ ಕನ್ನಡಿಗಳ ಚಿಪ್ ಇದರ ಮೂಲ. ವರ್ಷಕ್ಕೆ 8760 ಗಂಟೆ. ಹಗಲೂ ರಾತ್ರಿ ಉರಿಯುವ ಕೋಣೆಯಲ್ಲಿ ಹಳೆಯ ಕ್ಯೂಬಿನ ದೀಪ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬದಲಾಗಬೇಕಿತ್ತು. ಎಲ್‌ಇಡಿ ಬೆಳಕು ಬಂದ ಮೇಲೆ ಆ ತಲೆನೋವು ಕಡಿಮೆಯಾಯಿತು. ಆದರೂ ಕ್ಯೂಬಿನ ಹಿಂದೆ ಸಾಮಾನ್ಯವಾಗಿ ಮನುಷ್ಯ ಓಡಾಡುವಷ್ಟು ಜಾಗ ಬಿಡಬೇಕು. ಎಲ್‌ಸಿಡಿ ಅಗ್ಗ, ತೆಳು, ಆದರೆ ಪರದೆ ಪರದೆಯ ನಡುವೆ ಕಪ್ಪು ಗೆರೆ. ಒಂದೇ ಚಿತ್ರ ತಿಂಗಳುಗಟ್ಟಲೆ ಅದೇ ಜಾಗದಲ್ಲಿ ನಿಂತರೆ ಅದರ ನೆರಳು ಅಚ್ಚೊತ್ತುವ ಭಯವೂ ಇದೆ. ಕಂಟ್ರೋಲ್ ರೂಮಿನ ಚಿತ್ರವಂತೂ ನಿಂತಲ್ಲೇ ನಿಲ್ಲುವಂಥದ್ದು. ಈಚಿನದು ನೇರ ಎಲ್‌ಇಡಿ ಗೋಡೆ. ಸಂದು ಕಾಣುವುದಿಲ್ಲ, ಕೆಟ್ಟ ತುಂಡನ್ನು ಮಾತ್ರ ಕಳಚಿ ಹಾಕಬಹುದು. ದುಬಾರಿ, ಬಿಸಿಯೂ ಹೆಚ್ಚು. ಬಿಂದುಗಳ ನಡುವಿನ ಅಂತರ ಒಂದೂವರೆ ಮಿಲಿಮೀಟರ್ ಇದ್ದರೆ ಐದು ಮೀಟರ್ ದೂರ ಕೂತವರಿಗೆ ಬಿಂದು ಬಿಂದುವಾಗಿ ಕಾಣದೆ ಚಿತ್ರವಾಗಿ ಕೂಡಿಕೊಳ್ಳುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದಕ್ಕೆ ಹಣ ಸುರಿಯುವ ಮೊದಲು ಕುರ್ಚಿಯಿಂದ ಗೋಡೆಗೆ ಟೇಪು ಹಿಡಿದು ಅಳೆಯಬೇಕು.

ಖರೀದಿಯ ಚರ್ಚೆ ಬಹುಪಾಲು ಇಷ್ಟಕ್ಕೇ ಮುಗಿಯುತ್ತದೆ ಎಂಬುದು ನನ್ನ ಕಳವಳ. ಯಂತ್ರ ಆರಿಸುವುದು ಸುಲಭದ ಭಾಗ. ಅದರ ಮೇಲೆ ಏನಿರಬೇಕು ಎಂಬುದೇ ನಿಜವಾದ ಕೆಲಸ. ಡೆಸ್ಕಿನ ಪರದೆಯಲ್ಲಿರುವ ಪುಟವನ್ನೇ ಹಿಗ್ಗಿಸಿ ಗೋಡೆಗೆ ಹಾಕಿದರೆ ಸಂದಿಯೇ ದೊಡ್ಡದಾಯಿತೇ ಹೊರತು ನೋಟ ಬರಲಿಲ್ಲ. ಗೋಡೆಗೆ ಬೇಕಾದದ್ದು ಅದಕ್ಕೆಂದೇ ಬರೆದ ಚಿತ್ರ: ಡ್ರಮ್ಮಿನ ಮಟ್ಟ, ಕುಲುಮೆಯ ಒತ್ತಡ, ಹಬೆಯ ಉಷ್ಣತೆ, ಲೋಡು, ಗ್ರಿಡ್ಡಿನ ಫ್ರೀಕ್ವೆನ್ಸಿ, ಓಡುತ್ತಿರುವ ಮಿಲ್ಲುಗಳು, ಹೋಗುವ ನೀರು ಮತ್ತು ಬರುವ ಹಬೆ ಅಕ್ಕಪಕ್ಕ. ಬರಿಯ ಅಂಕಿ ಸಾಲದು, ಕಳೆದ ಒಂದು ಗಂಟೆಯಲ್ಲಿ ಅದು ಎತ್ತ ಸಾಗುತ್ತಿದೆ ಎಂಬ ಗೆರೆಯೂ ಇರಬೇಕು. ಜಾಗ ಬದಲಾಗಬಾರದು. ಐದು ಮೀಟರ್ ದೂರದಿಂದ ಓದಬೇಕಾದ ಅಂಕಿ ಎರಡರಿಂದ ಮೂರು ಸೆಂಟಿಮೀಟರ್ ಎತ್ತರ ಇರಬೇಕು. ಹಿನ್ನೆಲೆ ಮಂಕು ಬೂದು ಬಣ್ಣದ್ದಾಗಿದ್ದು, ಎಲ್ಲವೂ ಸರಿಯಿರುವಾಗ ಗೋಡೆ ಸಪ್ಪೆಯಾಗಿಯೇ ಇರಲಿ. ಕೆಂಪು, ಹಳದಿ ಬರುವುದು ಕೆಟ್ಟಾಗ ಮಾತ್ರ. ಅತಿಥಿಗಳು ಬಂದಾಗ ಬಣ್ಣಬಣ್ಣದ ಗೋಡೆ ಚೆನ್ನಾಗಿ ಕಾಣುವುದು ನಿಜ, ಆದರೆ ಅಲ್ಲಿ ನಿಜವಾದ ಕೆಂಪು ಮರೆಯಾಗುತ್ತದೆ. ಗೇಟಿನ ಸಿಸಿಟಿವಿ, ಸಂಸ್ಥೆಯ ಲಾಂಛನ, ಟಿವಿ ಸುದ್ದಿ ಇವಕ್ಕೆ ಅಲ್ಲಿ ಜಾಗವಿಲ್ಲ. ಒಂದು ಕ್ಯಾಮೆರಾಕ್ಕೆ ಮಾತ್ರ ನಾನು ಜಾಗ ಕೊಡುತ್ತೇನೆ, ಕುಲುಮೆಯ ಜ್ವಾಲೆಯನ್ನು ತೋರಿಸುವುದಕ್ಕೆ.

ಏಕೆಂದರೆ ಆ ಜ್ವಾಲೆಗೆ ಈಗ ಹೊಸ ಪರೀಕ್ಷೆ ಬಂದಿದೆ. ಮೊದಲೆಲ್ಲ ಶಾಖೋತ್ಪನ್ನ ಘಟಕವೆಂದರೆ ಒಮ್ಮೆ ಪೂರ್ಣ ಲೋಡಿಗೆ ಏರಿಸಿ ದಿನಗಟ್ಟಲೆ ಅಲ್ಲೇ ನಿಲ್ಲಿಸುವುದು. ಈಗ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2050 ಮೆಗಾವಾಟಿನ ಸೌರ ಪಾರ್ಕ್ ಇದೆ. ಬಿಸಿಲೇರಿದಂತೆ ಕಲ್ಲಿದ್ದಲಿನ ಘಟಕ ಇಳಿಯಬೇಕು, ಸಂಜೆ ಬಿಸಿಲು ಜಾರಿ ಮನೆಮನೆಯ ದೀಪ ಹೊತ್ತುವಾಗ ಮತ್ತೆ ಏರಬೇಕು. ಘಟಕಗಳು ಶೇ 40ರಷ್ಟು ಲೋಡಿಗೂ ಇಳಿದು ಓಡಲು ಸಿದ್ಧವಾಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಮಾಡಿದೆ. ಕಡಿಮೆ ಲೋಡಿನಲ್ಲಿ ಮಿಲ್ಲುಗಳು ಒಂದೊಂದಾಗಿ ನಿಲ್ಲುತ್ತವೆ, ಜ್ವಾಲೆ ತೂಗಾಡುತ್ತದೆ, ಡ್ರಮ್ಮಿನ ಮಟ್ಟ ಏರಿಳಿಯುತ್ತದೆ. ವರ್ಷಕ್ಕೆ ಕೆಲವೇ ಸಲ ಬರುತ್ತಿದ್ದ ಕಠಿಣ ಗಳಿಗೆಗಳು ದಿನಕ್ಕೆರಡು ಸಲ ಬರುವಂತಾಗಿದೆ. ಆ ಹೊತ್ತಿನಲ್ಲಿ ಬಾಯ್ಲರಿನವರು, ಟರ್ಬೈನಿನವರು, ಶಿಫ್ಟ್ ಇನ್‌ಚಾರ್ಜ್ ಎಲ್ಲರೂ ಒಂದೇ ಚಿತ್ರವನ್ನು ನೋಡುತ್ತಿರಬೇಕು.

ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ಸಾಮಾನ್ಯವಾಗಿ ಓವರ್‌ಹಾಲಿಗೆ ಘಟಕ ನಿಂತಾಗ ನಡೆಯುತ್ತದೆ. ಗೋಡೆಯ ಜೊತೆಗೆ ಚಾವಣಿಯ ದೀಪಗಳು, ಮೇಜಿನ ಎತ್ತರ, ಎ.ಸಿ., ಎಲ್ಲವೂ ಬದಲಾಗಬೇಕಾಗುತ್ತದೆ. ಐಎಸ್‌ಒ 11064 ಎಂಬ ಅಂತರರಾಷ್ಟ್ರೀಯ ಮಾನಕ ಇರುವುದೇ ಇಂಥ ಕೋಣೆಗಳ ವಿನ್ಯಾಸಕ್ಕೆ. ಗೋಡೆಗೆ ಚಿತ್ರ ಕಳಿಸುವ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಟ್ಟು ಅದೇ ಪೆಟ್ಟಿಗೆಯನ್ನು ನಿಯಂತ್ರಣ ಜಾಲಕ್ಕೂ ಜೋಡಿಸುವಂತಿಲ್ಲ. ಬಾಯ್ಲರ್, ಟರ್ಬೈನ್ ನಿಲ್ಲಿಸುವ ತುರ್ತು ಗುಂಡಿಗಳು ಮಾತ್ರ ತಮ್ಮದೇ ತಂತಿಯೊಂದಿಗೆ ಡೆಸ್ಕಿನ ಮೇಲೆ ಹಾಗೇ ಉಳಿಯುತ್ತವೆ. ಗೋಡೆ ಪೂರ್ತಿ ಕತ್ತಲಾದರೂ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲು ಆಗಬೇಕು.

ಗೋಡೆಯ ಚಿತ್ರ ಮೊದಲ ಸಲಕ್ಕೇ ಸರಿಯಾಗುವುದಿಲ್ಲ. ಆದ್ದರಿಂದ ಟೆಂಡರು ಬರೆಯುವಾಗಲೇ ಡೆಸ್ಕ್ ಎಂಜಿನಿಯರುಗಳನ್ನು ಜೊತೆಗೆ ಕೂರಿಸಿಕೊಳ್ಳಬೇಕು. ಗೋಡೆ ಶುರುವಾದ ಮೇಲಿನ ಕೆಲವು ತಿಂಗಳು ತಿದ್ದುಪಡಿಗೆ ಹಣ ತೆಗೆದಿಡಬೇಕು. ಉಪಕರಣ ವಿಭಾಗದ ಒಬ್ಬರಿಗೆ ತಿದ್ದುವ ಅಧಿಕಾರ ಇರಬೇಕು. ಮುಖ್ಯವಾಗಿ ಕೇಳಬೇಕಾದದ್ದು ರಾತ್ರಿ ಪಾಳಿಯವರನ್ನು. ಮಾರಾಟಗಾರರು ಗೋಡೆ ತೋರಿಸುವುದೂ ಅಧಿಕಾರಿಗಳು ಒಪ್ಪಿಗೆ ಹಾಕುವುದೂ ಹಗಲಿನಲ್ಲಿ. ಆಗ ಚೆನ್ನಾಗಿ ಕಂಡ ಹೊಳಪು ಬೆಳಗಿನ ಜಾವ ಮೂರು ಗಂಟೆಗೆ ಕಣ್ಣಿಗೆ ಚುಚ್ಚಿದರೆ, ಅದನ್ನು ತಗ್ಗಿಸುವ ಗುಂಡಿ ಅವರ ಕೈಗೆಟಕುವಲ್ಲೇ ಇರಬೇಕು.